ನೆಲುವಿನ ಬೆಣ್ಣೆ

“ಹೆಣ್ತಿಗೆ ಒಂದ ಮಾತ ತಿಳಿಸಿ ಹೇಳಾಕ ಬರೂದಿಲ್ಲ ನಿನಗ! ಎಮ್ಮಿ ಕೂಡ ಮಾತಾಡಿ ಮಾತಾಡಿ ನಾಲಗಿನೂ ಎಮ್ಮೀದ ಆಗೈತಿ. ಎಂಟನೇ ಇಯತ್ತೆ ದಾಟಲಾರದ ಮಗನಿಗೆ ನಿಪ್ಪಾಣಿ ಹುಡುಗಿ ಯಾಕ ಬೇಕಾಗಿತ್ತಲೇ?”

ಬಾಳೇಶನಿಗೆ ಅವನ ಸೋದರಮಾವ ಗುರಪ್ಪ ಇಷ್ಟನ್ನೂ ಅಂದದ್ದು ಅಂಗಳದ ನಟ್ಟನಡುವೆ ನಿಂತು, ಓಣಿಗೆಲ್ಲ ಕೇಳುವ ಹಾಗೆ. ಬೇಡಕಿಹಾಳದಲ್ಲಿ ಬಾಳೇಶನ ಅಪ್ಪ ಕಾಡಸಿದ್ದನ ಮನೆ ಮುಂದೆ ಕೊಕಟನೂರಿನ ಯಲ್ಲಮ್ಮನ ಗುಡಿಗೆ ಹೊರಟ ಟೆಂಪೊ ನಿಂತಿತ್ತು. ಬೀಗರು, ಭಾವಕಿಯ ದಾಯಾದಿಗಳು, ಹೋಳಿಗೆ ಬುಟ್ಟಿ ಹೊತ್ತ ಹೆಂಗಸರು ಅರ್ಧ ಹತ್ತಿ ಅರ್ಧ ಇಳಿದು ನೋಡುತ್ತಿದ್ದರು. ಮನೆಯ ಹಿಂದೆ ಮೋರಿ ಪೈಪಿನ ಬಾಯಿಗೆ ಓಣಿಯ ನಾಯಿಗಳೆಲ್ಲ ಮುಗಿಬಿದ್ದು, ಒಂದರ ಮೇಲೊಂದು ಗುರ್ರೆನ್ನುತ್ತ, ಯಲ್ಲಮ್ಮನಿಗೆ ಮೀಸಲಿಟ್ಟ ಬೆಣ್ಣೆಯನ್ನು ನೆಕ್ಕುತ್ತಿದ್ದವು.

ಬಾಳೇಶನ ಮೈಗೆ ಬೆಂಕಿ ಹತ್ತಿತು. ಆದರೆ ಮಾವನ ಮೇಲೆ ಕೈ ಎತ್ತುವಂತಿಲ್ಲ. ಗುರಪ್ಪನಿಗೆ ತನ್ನ ಮಗಳನ್ನು ಇದೇ ಮನೆಗೆ ಕೊಡಬೇಕೆಂದಿತ್ತು; ಬಾಳೇಶ ಒಲ್ಲೆ ಎಂದು ನಿಪ್ಪಾಣಿಯ ಕೋಮಲಳನ್ನು ಮಾಡಿಕೊಂಡು ಬಂದಿದ್ದ. ಆ ಮುಳ್ಳು ಇವತ್ತು ಹೊರಗೆ ಬಂದಿತ್ತು.

ಎಮ್ಮೆ ಈದರೆ ಮೊದಲ ಬೆಣ್ಣೆ ದೇವಿಗೆ. ಇದು ಈ ಮನೆಯ ತಲೆತಲಾಂತರದ ಕಟ್ಟು. ಬೆಣ್ಣೆಯನ್ನು ಯಾರೂ ಮುಟ್ಟಬಾರದು, ಮೂಸಬಾರದು. ಕಡೆದ ಕೂಡಲೇ ಗಡಿಗೆಗೆ ಹಾಕಿ, ನಡುಮನೆಯ ತೊಲೆಯಿಂದ ಇಳಿಬಿಟ್ಟ ನೆಲುವಿನಲ್ಲಿ ಇಡಬೇಕು. ಹಗ್ಗದಲ್ಲಿ ಹೆಣೆದ ತೂಗುಬಲೆ ಅದು. ಬೆಕ್ಕಿಗೆ ಎಟುಕದು, ಇರುವೆಗೆ ದಾರಿ ಸಿಗದು, ಮನುಷ್ಯನ ನಾಲಿಗೆಗಂತೂ ಬಲು ದೂರ. ಒಂದು ಕಾಲಕ್ಕೆ ಆ ಮನೆಯಲ್ಲಿ ಹಾಲು, ಮೊಸರು, ಮಿಕ್ಕ ಸಾರು ಎಲ್ಲವೂ ತಲೆಯ ಮೇಲೆಯೇ ತೂಗಾಡುತ್ತಿದ್ದವು. ಈಗ ಉಳಿದದ್ದು ಇದೊಂದೇ ನೆಲುವು. ಮೀಸಲಿನ ಹೊತ್ತು ಬಿಟ್ಟರೆ ಅದರ ಹೆಸರು ಹಿಡಿದು ಕರೆಯುವವರೂ ಇರಲಿಲ್ಲ.

ಹಿಂದಿನ ಸಂಜೆ ಮನೆಯ ಹಿರಿಯ ಮುದುಕಿ ಸಾವಕ್ಕ ಗಡಿಗೆ ಕೆಳಗಿಳಿಸಿ ಕೊನೆಯ ಮುದ್ದೆ ಹಾಕಿದ್ದಳು. ರಟ್ಟೆ ನೋಯುತ್ತಿತ್ತು. ಮೊಮ್ಮಗನ ಹೆಂಡತಿಗೆ ಇಡಲು ಹೇಳಿ ಹೊರಗೆ ಹೋದಳು. ಕೋಮಲ ಇಟ್ಟಳು, ಹಿತ್ತಲಕಡೆ ಹೊಸದಾಗಿ ಕಟ್ಟಿಸಿದ ಅಡುಗೆಮನೆಯ ಸ್ಟೀಲ್ ಸಿಂಕಿನಲ್ಲಿ. ನಸುಕಿನಲ್ಲಿ ಕರೆಂಟ್ ಇರಲಿಲ್ಲ. ಬಾಳೇಶನ ತಾಯಿ ತಾರವ್ವ ಗಡಿಬಿಡಿಯಲ್ಲಿ ಮುಸುರೆ ಪಾತ್ರೆಗಳೆಂದುಕೊಂಡು ಒಂದು ಹಂಡೆ ಕುದಿನೀರನ್ನು ಸಿಂಕಿಗೆ ಸುರುವಿಬಿಟ್ಟಳು. ದೇವಿಯ ಬೆಣ್ಣೆ ಕರಗಿ ಪೈಪಿನಗುಂಟ ನಾಯಿಗಳ ಪಾಲಾಯಿತು.

“ಯಾಕ ಇಟ್ಟಿ ಅಲ್ಲಿ?” ತಾರವ್ವ ಸೊಸೆಯ ತೋಳು ಹಿಡಿದು ಅಂಗಳಕ್ಕೇ ಎಳೆತಂದಳು.

“ಆಯಿನ ಹೇಳಿದ್ರು, ಸಿಂಕನ್ಯಾಗ ಇಡು ಅಂತ,” ಅಂದಳು ಕೋಮಲ, ಸಾವಕ್ಕನ ಕಡೆ ಕೈ ತೋರಿಸಿ.

“ನಾನಾ?” ಸಾವಕ್ಕ ಎದೆಯ ಮೇಲೆ ಕೈ ಇಟ್ಟುಕೊಂಡಳು. “ಹುಟ್ಟಿದಾಗಿಂದ ಅದಕ್ಕ ನೆಲುವು ಅಂತ ಬಂದಾಕಿ ನಾ. ಸಿಂಕ ಅನ್ನೂದು ನನ್ನ ನಾಲಗಿ ಮ್ಯಾಲ ಹಾದ ಸೈತ ಹೋಗಿಲ್ಲ.”

“ನೆಲುವು ಅಂದದ್ದು ಸಿಂಕ ಅಂತ ಕೇಳ್ತಂತ!” ಗುರಪ್ಪ ಟೆಂಪೊ ಕಡೆ ತಿರುಗಿ ಕೈ ಆಡಿಸಿದ. “ಕಿವಿ ನಿಪ್ಪಾಣ್ಯಾಗ ಬಿಟ್ಟ ಬಂದಾಳೇನ್ರೋ?”

ಟೆಂಪೊ ಪೂರಾ ನಕ್ಕಿತು. ತಾರವ್ವ ಹಲ್ಲು ಕಚ್ಚಿ ಅಂದಳು: “ತಪ್ಪ ಮಾಡಿದ್ರ ಮಾಡೀನಿ ಅನಬೇಕು. ಹಿರೇ ಜೀವದ ಮ್ಯಾಲ ಸುಳ್ಳ ಹೇಳ್ತೀಯಾ? ಸುಳ್ಳಬುರಕಿ!”

ಕೋಮಲ ಒಳಗೆ ಹೋದಳು. ಚೀಲ ಹಿಡಿದು ಹೊರಗೆ ಬಂದಳು. ನಗುವ ಜನರ ನಡುವೆಯೇ ದಾರಿ ಮಾಡಿಕೊಂಡು ಬಸ್ ಸ್ಟಾಂಡಿನ ಕಡೆ ಹೊರಟೇಬಿಟ್ಟಳು.

ಬಾಳೇಶ ಆಕೆಯ ಹಿಂದೆ ಓಡಬೇಕಾಗಿತ್ತು. ಓಡಲಿಲ್ಲ. ನಡುಮನೆಗೆ ನುಗ್ಗಿ, ತೊಲೆಗೆ ತೂಗುತ್ತಿದ್ದ ನೆಲುವನ್ನು ಎರಡೂ ಕೈಯಿಂದ ಹಿಡಿದು ಜಗ್ಗಿದ. ಹಳೆಯ ಹಗ್ಗ ಪಟಪಟನೆ ಹರಿಯಿತು. ಅದನ್ನು ತಿಪ್ಪೆಗೆ ಎಸೆದು, “ಇದರ ಹೆಸರ ಯಾರರೆ ಎತ್ತಿದ್ರ ನೋಡ್ರಿ ಮತ್ತ!” ಎಂದು ಕೂಗಿದ. ಟೆಂಪೊದಲ್ಲಿದ್ದವರು ಒಬ್ಬೊಬ್ಬರೇ ಇಳಿದು ಹೋಳಿಗೆ ಹಂಚಿಕೊಂಡು ಮನೆಗೆ ಹೋದರು.

ಮರುದಿನದಿಂದ ಮೀಸಲು ಮತ್ತೆ ಮೊದಲಿಂದ. ಸಾವಕ್ಕನ ಅಪ್ಪಣೆ: ಮುಂಜಾನೆಯ ಹಾಲು ಡೇರಿಗೆ, ಸಂಜೆಯ ಹಾಲು ದೇವಿಗೆ. ಮಜ್ಜಿಗೆಯನ್ನೂ ಬಾಯಿಗೆ ಹಚ್ಚುವ ಹಾಗಿಲ್ಲ.

“ಅವ್ವಾ, ಬೆಣ್ಣಿ ದೇವೀದು ಖರೆ. ಮಜ್ಜಿಗಿ ಏನ ಮಾಡೇತಿ?” ಕಾಡಸಿದ್ದ ಒಣ ಝುಣಕದ ಮುಂದೆ ಕೂತು ಗಂಟಲು ಸವರಿಕೊಂಡ. “ರೊಟ್ಟಿ ಎದ್ಯಾಗ ನಿಂತೈತಿ ನೋಡ. ಇಳ್ಯಾಕ ಟೆಂಪೊ ಮಾಡಬೇಕು.”

“ಯಲ್ಲವ್ವ ಸಿಟ್ಟಾದ್ರ ನಿನ್ನ ಜೀವಾನೂ ಅಲ್ಲೇ ನಿಂದ್ರತೈತಿ. ತಿನ್ನು,” ಎಂದಳು ಸಾವಕ್ಕ.

ತಾರವ್ವ ರೊಟ್ಟಿ ಬಡಿಯುವ ಸದ್ದಿಗೆ ಗೋಡೆ ಅಲುಗುತ್ತಿತ್ತು. ಸೆಗಣಿ, ನೀರು, ಒಲೆ ಎಲ್ಲ ಅವಳೊಬ್ಬಳ ತಲೆಗೇ ಬಂದಿದ್ದವು. “ನಾನೂ ತವರಮನಿಗೆ ಹೊಕ್ಕೀನಿ. ಆಗ ನಿಮ್ಮ ಎಮ್ಮಿನ ರೊಟ್ಟಿ ಬಡೀಲಿ,” ಎನ್ನುತ್ತಿದ್ದಳು. ಸೊಸೆಯನ್ನು ಕರೆಯಿರಿ ಎಂದು ಮಾತ್ರ ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ಹೊಸ ಬೆಣ್ಣೆ ಇಡುವುದೆಲ್ಲಿ? ಗೋಡೆಯ ಮಾಡದಲ್ಲಿಟ್ಟರೆ ಇರುವೆ ಹತ್ತಿದವು. ಕಿಟಕಿಯಲ್ಲಿಟ್ಟರೆ ಬೆಕ್ಕು ಬಂತು. ಕೊನೆಗೆ ಸಾವಕ್ಕ ಗಡಿಗೆಯನ್ನು ಕೂಸಿನ ಹಾಗೆ ಮಡಿಲಲ್ಲಿಟ್ಟುಕೊಂಡು ಕೂತಳು. ಸುದ್ದಿ ಕೇಳಿದ ಗುರಪ್ಪ ತನ್ನ ಮನೆಯ ಹಳೆಯ ಫ್ರಿಜ್ ಕಳಿಸುತ್ತೇನೆಂದು ಫೋನ್ ಮಾಡಿದ.

“ಮಟನ್ನ ಇಟ್ಟ ಪೆಟಗ್ಯಾಗ ಮೀಸಲಾ ಇಡ್ಲ್ಯಾ?” ಸಾವಕ್ಕ ಫೋನಿಗೇ ಗದರಿಸಿ, ಬಾಳೇಶನ ಕಡೆ ತಿರುಗಿದಳು. “ಹರದಾಂವ ನೀನಾ. ತಂದ ಕೊಡಾಂವನೂ ನೀನಾ.”

ಹರಿದದ್ದು ಬಾಳೇಶನೇ. ಬೈಕ್ ಹತ್ತಿ ಚಿಕ್ಕೋಡಿ ಪೇಟೆಗೆ ಹೋದ.

“ನೆಲುವು ಐತೇನ್ರಿ?” ಎಂದು ಹಾರ್ಡ್‌ವೇರ್ ಅಂಗಡಿಯಲ್ಲಿ ಕೇಳಿದ.

“ನೆಲದ್ದಾ? ಟೈಲ್ಸ ಬೇಕೋ, ಶಹಾಬಾದ ಫರ್ಷಿ ಬೇಕೋ?”

“ನೆಲದ್ದಲ್ರಿ. ಮ್ಯಾಲ ತೂಗ ಬಿಡ್ತಾರಲ್ಲ, ಅದು.”

“ಹಾಂ, ಫ್ಯಾನ!”

“ಫ್ಯಾನ ಅಲ್ಲೋ ಮಾರಾಯಾ! ಬೆಣ್ಣಿ ಇಡೂದು! ನೆಲುವು, ನೆಲುವು!”

“ಹಂಗ ಚೀರಿದ್ರ ಬರತೈತೇನ? ಬೆಣ್ಣಿ ಇಡೂದಂದ್ರ ಫ್ರಿಜ್. ಅದು ಎದುರಿನ ಅಂಗಡ್ಯಾಗ ಸಿಗತೈತಿ,” ಎಂದು ಅಂಗಡಿಯವ ಅಳತೆಪಟ್ಟಿ ಎತ್ತಿಟ್ಟ.

ಬಾಳೇಶ ಹೊರಗೆ ಬಂದು ಸಿಟ್ಟಿಗೆ ಬೈಕಿನ ಗಾಲಿಗೆ ಒದ್ದ. ಬೈಕ್ ಹತ್ತುವಾಗಲೇ ಅವನ ತಲೆಯಲ್ಲಿ ಮಿಂಚು ಹೊಡೆದಂತಾಯಿತು. ಈ ಮನುಷ್ಯ ಕನ್ನಡದವ, ಚಿಕ್ಕೋಡಿಯಲ್ಲೇ ಹುಟ್ಟಿ ಬೆಳೆದವ. ಇವನಿಗೇ ನೆಲುವು ನೆಲವಾಗಿ ಕೇಳಿಸಿತಲ್ಲ! ಹಾಗಿದ್ದರೆ ಮರಾಠಿಯಲ್ಲಿ ಬೆಳೆದ ಕೋಮಲಳಿಗೆ ಏನು ಕೇಳಿಸಿರಬಹುದು? ಆಕೆಯನ್ನು ಯಾರೂ ಒಂದು ಮಾತು ಕೇಳಲಿಲ್ಲ. ತಾನೂ ಕೇಳಲಿಲ್ಲ! ಗಾಡಿ ಬೇಡಕಿಹಾಳದ ಕಡೆ ತಿರುಗಲಿಲ್ಲ. ಗಾಳಿಗೆ ಅಂಗಿ ಉಬ್ಬಿಸಿಕೊಂಡು ನಿಪ್ಪಾಣಿಯ ಹಾದಿ ಹಿಡಿಯಿತು.

ಕೋಮಲಳ ತಾಯಿ ತುಳಸಾಬಾಯಿ ಬಾಡಿಗೆ ಮನೆಯ ಹೊಸ್ತಿಲಲ್ಲಿ ಮೊರ ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದಳು. ಓಣಿಯ ತುಂಬ ತಂಬಾಕಿನ ಘಾಟು. ಅಳಿಯನನ್ನು ನೋಡಿ ಕೈ ನಿಲ್ಲಿಸಲಿಲ್ಲ.

“ಯಾ ಜಾವಯಬಾಪು, ಬರ್ರಿ. ಸುಳ್ಳಬುರಕಿ ಮನಿಗೆ ಯಾಕ ಬಂದ್ರಿ?”

“ಒಂದ ಮಾತ ಕೇಳಾಕ ಬಂದೀನಿ ಅತ್ತಿ. ಕೋಮಲ, ಹೊರಗ ಬಾ.”

ಕೋಮಲ ಬಾಗಿಲವರೆಗೆ ಬಂದಳು, ದಾಟಲಿಲ್ಲ.

“ಆವತ್ತ ಸಂಜಿಗೆ ಆಯಿ ಏನಂದ್ಳು? ಬಾಯಾಗ ಬಂದದ್ದ ಬಂದಂಗ ಹೇಳು.”

“ಈಗ ಕೇಳ್ತೀರಿ? ನಾಯಿಗೋಳು ಬೆಣ್ಣಿ ನೆಕ್ಕಿ ಮುಗಿಸಿದ ಮ್ಯಾಲ?”

“ಬೈ. ಬೈದು ಮುಗಿಸಿ ಹೇಳು.”

ಆಕೆ ಮುದುಕಿಯ ಧ್ವನಿಯನ್ನೇ ಮಾಡಿ ಹೇಳಿದಳು. “ಲೋಣಿ ಶಿಂಕ್ಯಾತ ಠೇವ ಗ ಪೋರಿ. ಬೆಣ್ಣಿ ಶಿಂಕ್ಯಾದಾಗ ಇಡ ಹುಡುಗಿ, ಹಂಗ ಅಂದ್ರು.”

“ಮರಾಠ್ಯಾಗ ಅಂದ್ಳಾ?”

“ನನ್ನ ಕೂಡ ಅವರು ಯಾವಾಗ ಕನ್ನಡ ಮಾತಾಡ್ಯಾರು? ಪೋರಿಗೆ ತಿಳೀಬೇಕಲ್ಲ ಅಂತ ಬಂದ ದಿನದಿಂದ ಮರಾಠಿನ.”

ತುಳಸಾಬಾಯಿಯ ಕೈಯಲ್ಲಿದ್ದ ಬೀಡಿ ಬಿಚ್ಚಿಕೊಂಡಿತು. ಏನೋ ಹೇಳಹೋದಳು, ತಂಬಾಕು ಮೂಗಿಗೇರಿ ಎರಡು ಸಲ ಸೀನಿದಳು, ಸೀನುತ್ತಲೇ ನಗತೊಡಗಿದಳು. “ಅಗ ಯೇಡೇ, ಹುಚ್ಚಿ! ಶಿಂಕಂ! ಶಿಂಕಂ ಅಂದ್ರ ತೂಗಬಿಡೂದ ಗ, ಹಗ್ಗದ್ದು! ನನ್ನ ತವರಾಗ ಹಾಲಿನ ಗಡಗಿ ಅದರಾಗ ಇಡ್ತಿದ್ರು.”

“ನೆಲುವು!” ಬಾಳೇಶ ನಿಂತಲ್ಲೇ ಜಿಗಿದ.

“ನಿಮ್ಮ ಕನ್ನಡದಾಗ ಏನೋ ಅಂತಾರಪಾ. ನಮ್ಮಲ್ಲಿ ಶಿಂಕಂ.”

ಕೋಮಲ ಬಾಗಿಲ ಚೌಕಟ್ಟು ಹಿಡಿದುಕೊಂಡು ತಾಯಿಯ ಕಡೆ ತಿರುಗಿದಳು. “ನನಗ ಹೆಂಗ ಗೊತ್ತಾಗಬೇಕು ಆಯೀ? ಶಿಂಕ ಅಂದ್ರ ನನಗ ಈಗ ನೀ ಮಾಡಿದ್ಯಲ್ಲ, ಆಂಕ್ ಛೀ, ಅದಷ್ಟ ಗೊತ್ತು! ಸೀನಿನ್ಯಾಗ ಬೆಣ್ಣಿ ಹೆಂಗ ಇಡ್ಲಿ? ಹಳ್ಳಿ ಮುದುಕಿ, ಸಿಂಕ ಅನ್ನಾಕ ನಾಲಗಿ ಹೊಳ್ಳೂದಿಲ್ಲ, ಶಿಂಕ ಅಂದಾರ ಅನಕೊಂಡ್ನಿ.”

“ನಾ ಎಲ್ಲಿ ತೋರಸಲಿ ನಿನಗ?” ತುಳಸಾಬಾಯಿ ಕಣ್ಣೊರೆಸಿಕೊಂಡು ಮೇಲೆ ನೋಡಿದಳು. “ಈ ಪತ್ರಾಸ ತಗಡಿನ ಮನ್ಯಾಗ ತೊಲಿನ ಇಲ್ಲ.”

ಬಾಳೇಶನಿಗೆ ಕುಣಿಯಬೇಕೆನಿಸಿತು. “ನಡಿ! ಗಾಡಿ ಹತ್ತು! ಈಗಿಂದೀಗ ಹೋಗಿ ಎಲ್ಲಾರ ಬಾಯಿ ಮುಚ್ಚಸ್ತೀನಿ!”

“ನಾ ಬರೂದಿಲ್ಲ.”

“ಯಾಕ? ನಿಂದು ತಪ್ಪಿಲ್ಲ ಅಂತ ಆತಲ್ಲ!”

“ಇಲ್ಲಿ ಆತು. ಅಲ್ಲಿ ಆಗಿಲ್ಲ. ಹೇಳೇ ಇಲ್ಲ ಅಂದ್ರಲ್ಲ ನಿಮ್ಮ ಆಯಿ, ಅವರ ಬಂದು ಹೌದು ಅನ್ಲಿ. ನೀವ ಹೇಳಿದ್ರ ಹೆಣ್ತಿ ಗುಲಾಮ ಅಂತಾರ. ನಿಮ್ಮನ್ನೂ ನಗತಾರ, ನನ್ನನ್ನೂ ನಗತಾರ.”

ಬಾಳೇಶ ಒಬ್ಬನೇ ಬಂದ. ಮನೆಯಲ್ಲಿ ಊಟದ ಹೊತ್ತು. ಗಾಡಿ ನಿಲ್ಲಿಸುವ ಮೊದಲೇ ಒದರಿದ. “ಆಯಿ! ನೀ ಆವತ್ತ ಕೋಮಲಗ ಶಿಂಕ್ಯಾತ ಠೇವ ಅಂದೀದಿ! ಆಕಿ ಸಿಂಕ ಅಂತ ತಿಳದಾಳು!”

“ಏ ಹೋಗೋ,” ಸಾವಕ್ಕ ಮಡಿಲ ಗಡಿಗೆಯನ್ನು ಸರಿಪಡಿಸಿಕೊಂಡಳು. “ನೆಲುವಿಗೆ ನೆಲುವು ಅನ್ನದ ಮರಾಠಿ ಯಾಕ ಮಾತಾಡ್ಲಿ? ನಾ ಮಾತಾಡೂದ ಕನ್ನಡ.”

“ಹೆಣ್ತಿ ಕಲಿಸಿ ಕಳಿಸ್ಯಾಳು,” ಎಂದಳು ತಾರವ್ವ.

“ಕಲಿಸಿಲ್ಲಬೇ! ಆಯಿ, ನೆನಪ ಮಾಡ್ಕೋ!”

“ಮರಾಠಿ ನನ್ನ ಬಾಯಾಗ ಬರೂದ ಇಲ್ಲ ಅಂತೀನಿ!”

ಅಷ್ಟರಲ್ಲಿ ಬಾಗಿಲ ಬಳಿ ಹಳೆಯ ಬಟ್ಟೆಗೆ ಪಾತ್ರೆ ಕೊಡುವವಳು ಬುಟ್ಟಿ ಇಳಿಸಿ ಕೂಗಿದಳು. “ಆಜೀ, ಭಾಂಡೀ ಘ್ಯಾ ಭಾಂಡೀ!”

“ನಕೋ ಗ ಬಾಯಿ! ಜುನೀ ಕಪಡೀ ನಾಹೀತ. ಉದ್ಯಾ ಯೇ!” ಎಂದು ಸಾವಕ್ಕ ಇದ್ದಲ್ಲಿಂದಲೇ ಉತ್ತರ ಕೊಟ್ಟು, ಮತ್ತೆ ಮೊಮ್ಮಗನ ಕಡೆ ತಿರುಗಿದಳು. “ಹಾಂ, ಏನ ಹೇಳಾಕತ್ತಿದ್ನಿ? ಮರಾಠಿ ನನ್ನ ಬಾಯಾಗ…”

ಕಾಡಸಿದ್ದನ ಬಾಯಲ್ಲಿದ್ದ ತುತ್ತು ಹೊರಗೆ ಹಾರಿತು. “ಅವ್ವಾ! ಈಗ ಹಳೇ ಅರಬಿ ಇಲ್ಲ, ನಾಳೆ ಬಾ ಅಂದ್ಯಲ್ಲ, ಅದು ಯಾವ ಮಾತ?”

ಸಾವಕ್ಕ ಬಾಗಿಲ ಕಡೆ ನೋಡಿದಳು, ಬುಟ್ಟಿಯವಳು ಹೋಗಿಯಾಗಿತ್ತು. ಎದುರಿಗೆ ನಿಂತವರು ಯಾವ ಮಾತಿನವರೋ ಆ ಮಾತು ತಾನಾಗಿ ಬಾಯಿಗೆ ಬರುತ್ತಿತ್ತು ಅವಳಿಗೆ. ಬಂದದ್ದು ಅವಳಿಗೇ ಕೇಳಿಸುತ್ತಿರಲಿಲ್ಲ. ತಾರವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. ಒಲೆಯ ಮೇಲಿನ ರೊಟ್ಟಿ ಹೊತ್ತಿತು.

ಮುಂಜಾನೆ ಬಾಳೇಶ ಹಾಲು ಹಾಕಿ ಬರುವಷ್ಟರಲ್ಲಿ ಸಾವಕ್ಕ ಇಳಕಲ್ ಸೀರೆ ಉಟ್ಟು ಗಾಡಿಯ ಪಕ್ಕ ನಿಂತಿದ್ದಳು. ಗಡಿಗೆಯನ್ನು ತಾರವ್ವನ ಮಡಿಲಿಗೆ ಹಾಕಿದ್ದಳು. “ನೀನೂ ಒಂದ ದಿನ ಕೂಸ ಆಡಸು,” ಎಂದು ಸೊಸೆಗೆ ಹೇಳಿ, ಹುಟ್ಟಿದ ಮೇಲೆ ಮೊದಲ ಬಾರಿಗೆ ಮೋಟಾರ್ ಸೈಕಲ್ ಹತ್ತಿದಳು. ನಿಪ್ಪಾಣಿ ಮುಟ್ಟುವವರೆಗೆ ಬಾಳೇಶನ ಅಂಗಿ ಹಿಡಿದು, “ಯಲ್ಲವ್ವಾ, ಯಲ್ಲವ್ವಾ, ಲೇ ಹಳ್ಳಾ ನೋಡೋ!” ಎಂದು ಚೀರುತ್ತಲೇ ಬಂದಳು.

ತುಳಸಾಬಾಯಿಯ ಹೊಸ್ತಿಲಲ್ಲಿ ಕೂತು, ನೀರು ಕುಡಿದು, ನೇರ ಮಾತಿಗೆ ಬಂದಳು.

“ಕೋಮಲ, ನಾನಾ ಅಂದಿದ್ನಿ. ಆ ಮಾತ ನಂದಲ್ಲವ್ವಾ. ನಿನಗ ತಿಳೀಲಿ ಅಂತ ಎರವಲಾ ತಂದಿದ್ನಿ. ಎರವಲಾ ತಂದದ್ದು ಕೈ ಕೊಟ್ತು.”

ಕೋಮಲ ಅತ್ತಳು, ಮೂಗು ಒರೆಸಿಕೊಂಡಳು. “ಇನ್ನ ಮುಂದ ನನ್ನ ಕೂಡ ಕನ್ನಡಾನ ಮಾತಾಡ್ರಿ. ತಿಳೀದಿದ್ರ ಹತ್ತ ಸಲ ಕೇಳ್ತೀನಿ.”

“ಕೇಳು. ನನಗೇನ ಬ್ಯಾರೆ ಕೆಲಸ ಐತಿ?”

ಒಂದೇ ಬೈಕಿನಲ್ಲಿ ಮೂವರೂ ಬಂದರು. ನಡುವೆ ಸಾವಕ್ಕ, ಹಿಂದೆ ಚೀಲ ಹಿಡಿದ ಕೋಮಲ. ಊರೊಳಗೆ ಬರುವಾಗ ಬಾಳೇಶ ಬೇಕೆಂದೇ ಹಾರ್ನ್ ಬಾರಿಸಿದ. ತಾರವ್ವ ಬಾಗಿಲಲ್ಲಿ ನಿಂತಿದ್ದಳು, ಮಡಿಲಲ್ಲಿ ಗಡಿಗೆ. ಸೊಸೆಯನ್ನು ನೋಡಿ, “ಬಂದಿ? ಹಿಟ್ಟ ನಾದಿಟ್ಟೀನಿ, ಕೈಕಾಲ ತೊಳ್ಕೊಂಡ ಬಾ,” ಎಂದಳು. ಕ್ಷಮೆ ಕೇಳುವುದು ಅವಳಿಗೆ ಅಷ್ಟೇ ಬರುತ್ತಿತ್ತು.

ಇನ್ನು ನೆಲುವು. ಕೊಂಡು ತರುವ ಮಾತು ಮುಗಿದಿತ್ತು. ತಿಪ್ಪೆಗೆ ಎಸೆದದ್ದು ಕೊಳೆತಿತ್ತು. ಬಾಳೇಶ ಪುಂಡಿ ನಾರು ತಂದು ನೆನೆಹಾಕಿದ. ಎಮ್ಮೆಗೆ ಕಣ್ಣಿ, ದಾವಣಿ ಹೊಸೆದ ಕೈ, ಹಗ್ಗವೇನೋ ಸರಸರನೆ ಬಂತು. ಆದರೆ ಗಡಿಗೆ ಕೂರುವ ಬಲೆ ಹೆಣೆಯುವುದು ಹೇಗೆ? ಸಾವಕ್ಕ ಬೆರಳಾಡಿಸಿ ತೋರಿಸಿದಳು, ಮರೆತಳು, ಮತ್ತೆ ತೋರಿಸಿದಳು.

“ಹಿಂಗ ಬಂದು, ಹಿಂಗ ಹೋಗಿ, ಆಮ್ಯಾಲ… ಥೂ, ಬೆರಳಿಗೆ ಗೊತ್ತೈತಿ, ನನಗ ಗೊತ್ತಿಲ್ಲ.”

“ಹೆರಳ ಹಾಕಿದಂಗ ಆತಲ್ಲರಿ ಆಯಿ!” ಎಂದು ಕೋಮಲ ಹಗ್ಗ ಕಸಿದುಕೊಂಡಳು. ಮೂರೆಳೆ ಮಾಡಿ ಜಡೆ ಹೆಣೆದು, ಬುಡದಲ್ಲಿ ಸುತ್ತುಗಂಟು ಹಾಕಿದಳು. ಮೊದಲನೆಯದು ಸೊಟ್ಟ. ಖಾಲಿ ಗಡಿಗೆ ಇಟ್ಟು ನೋಡಿದರೆ ಅದು ಪಲ್ಟಿ ಹೊಡೆದು ನೇರ ಕಾಡಸಿದ್ದನ ತಲೆಗೆ ಬಂತು.

“ಮಜ್ಜಿಗಿ ಕೇಳಿದ್ದಕ್ಕ ಶಿಕ್ಷಾ ಇದು,” ಎಂದ ಆತ ತಲೆ ತಿಕ್ಕಿಕೊಳ್ಳುತ್ತ. ತಾರವ್ವ ಸೆರಗು ಬಾಯಿಗಿಟ್ಟು ನಕ್ಕಳು.

ಬಿಚ್ಚಿ ಮತ್ತೆ ಹೆಣೆದರು. ಆಗ ನಿಂತಿತು. ಬಾಳೇಶ ಏಣಿ ಹತ್ತಿ ತೊಲೆಗೆ ಬಿಗಿದ. ಎಲ್ಲರೂ ಕತ್ತೆತ್ತಿ ನೋಡಿದರು. ಗಡಿಗೆ ಮೆಲ್ಲಗೆ ತೂಗಿತು, ತನ್ನಷ್ಟಕ್ಕೆ ನಿಂತಿತು. ಕೆಳಗೆ ಬೆಕ್ಕು ಕೂತು, ಅದನ್ನೇ ನೋಡಿ ನೋಡಿ, ಎದ್ದು ಹೋಯಿತು.

ಇಷ್ಟೆಲ್ಲ ಆದರೂ ಬಾಳೇಶನ ಎದೆಯಲ್ಲಿ ಒಂದು ಕೆಂಡ ಉಳಿದಿತ್ತು. ಮನೆಯೊಳಗೆ ತಿಳಿದರೆ ಸಾಕೇ? ಅವಮಾನ ಆದದ್ದು ಅಂಗಳದಲ್ಲಿ. ಉತ್ತರವೂ ಅಂಗಳದಲ್ಲೇ ಆಗಬೇಕು. ದಿನಾ ಹಾಲು ಹಿಂಡುತ್ತ, ಎಮ್ಮೆಯ ಮುಂದೆ ಆ ಉತ್ತರವನ್ನು ಒಪ್ಪಿಸುತ್ತಿದ್ದ. “ಮಾಮಾ, ಸುಳ್ಳ ಹೇಳಿದಾಕಿ ನನ್ನ ಹೆಣ್ತಿ ಅಲ್ಲ! ಮಾತ ಬದಲ ಮಾಡಿದಾಕಿ…” ಎಮ್ಮೆ ಕಿವಿ ಅಲ್ಲಾಡಿಸಿ ಕೇಳುತ್ತಿತ್ತು. ದಿನದಿಂದ ದಿನಕ್ಕೆ ಉತ್ತರ ಉದ್ದವಾಯಿತು, ಚೂಪಾಯಿತು.

ಗಡಿಗೆ ತುಂಬಿದ ಮಂಗಳವಾರ ಮತ್ತೆ ಟೆಂಪೊ ಬಂದು ನಿಂತಿತು. ಅದೇ ಬೀಗರು, ಅದೇ ಹೋಳಿಗೆ ಬುಟ್ಟಿ. ಹೆಂಗಸರ ನಡುವೆ ಸಾವಕ್ಕ ಎಲೆ ಅಡಿಕೆ ಚೀಲ ಬಿಚ್ಚಿ ಕೂತಿದ್ದಳು. ಗುರಪ್ಪ ಟೆಂಪೊದ ಹಿಂಬಾಗಿಲ ಫಾಳಕೆಗೆ ಒರಗಿ ನಿಂತು, ಎಲ್ಲರೂ ಬಂದರೆಂದು ಖಾತ್ರಿ ಮಾಡಿಕೊಂಡು, ಗಂಟಲು ಸರಿಪಡಿಸಿಕೊಂಡ.

“ಏನಲೇ ಬಾಳೇಶ! ಹೋದ ಸಲ ದೇವಿ ಬೆಣ್ಣಿ ಸಿಂಕಿನ್ಯಾಗ ಇಟ್ಟಿದ್ರಿ. ಈ ಸಲ ಎಲ್ಲಿ ಇಟ್ಟೀರಿ? ಬಚ್ಚಲದಾಗೋ?”

ಟೆಂಪೊ ಮತ್ತೆ ನಕ್ಕಿತು. ಕಾಡಸಿದ್ದ ಚಪ್ಪಲಿ ಹುಡುಕುವವನ ಹಾಗೆ ಬಗ್ಗಿದ. ಬಾಳೇಶ ಎರಡು ಹೆಜ್ಜೆ ಮುಂದೆ ಬಂದ. ಎಮ್ಮೆಯ ಮುಂದೆ ಕಲಿತ ಉತ್ತರ ಗಂಟಲಿಗೆ ಬಂದು ನಿಂತಿತು. ಇನ್ನೇನು ಬಾಯಿ ತೆರೆಯಬೇಕು, ಸಾವಕ್ಕನ ಮೇಲೆ ಕಣ್ಣು ಬಿತ್ತು. ಮುದುಕಿಯ ಕೈಯಲ್ಲಿ ಸುಣ್ಣ ಸವರಿದ ಎಲೆ ಹಾಗೇ ಇತ್ತು. ಮಡಚಿರಲಿಲ್ಲ. ಇವನ ಬಾಯನ್ನೇ ನೋಡುತ್ತಿದ್ದಳು. ಹೇಳಿದರೆ ಈ ಟೆಂಪೊ ಇನ್ನೊಮ್ಮೆ ನಗುತ್ತಿತ್ತು, ಈ ಸಲ ಅವಳನ್ನು ನೋಡಿ.

“ಯಾಕಲೇ, ನಾಲಗಿ ಎಮ್ಮಿ ನುಂಗ್ತೇನು? ಹೇಳು, ಎಲ್ಲಿ ಇಟ್ಟೀರಿ?”

ಅಷ್ಟರಲ್ಲಿ ನಡುಮನೆಯಿಂದ ಕೋಮಲಳ ಧ್ವನಿ, ಓಣಿಗೆಲ್ಲ ಕೇಳುವ ಹಾಗೆ:

“ಅಹೋ! ನೆಲುವು ಬಾಳ ಮ್ಯಾಲ ಕಟ್ಟೀರಿ, ನನ್ನ ಕೈ ಮುಟ್ಟವಲ್ದು! ಲಗೂ ಬರ್ರಿ, ನೆಲುವಿನ್ಯಾಗಿಂದ ಗಡಗಿ ಇಳಸ್ರಿ!”

ಟೆಂಪೊದಲ್ಲಿ ಯಾರೋ ನಗುವುದನ್ನು ಅರ್ಧಕ್ಕೇ ನಿಲ್ಲಿಸಿದರು. ಸಾವಕ್ಕ ಎಲೆ ಮಡಚಿ ಬಾಯಿಗೆ ಇಟ್ಟುಕೊಂಡಳು. ಗುರಪ್ಪ ಇನ್ನೂ ಉತ್ತರಕ್ಕೆಂದು ಗದ್ದ ಎತ್ತಿಯೇ ನಿಂತಿದ್ದ.

ಬಾಳೇಶ ಅವನಿಗೆ ಬೆನ್ನು ತಿರುಗಿಸಿ, ಅಂಗಿ ತೋಳು ಏರಿಸಿಕೊಳ್ಳುತ್ತ ಒಳಗೆ ನಡೆದ.